ಕುದುರೆಯ ಹೆಸರು ಅಂಚಿನಲ್ಲಿರುತ್ತದೆ: ಹಳೆಯ ಪ್ರಾಣಿಚಿತ್ರಗಳನ್ನು ಸಂಗ್ರಹಿಸುವ ಕ್ರಮ

ಹನ್ನೆರಡು ವರ್ಷಗಳ ಹಿಂದೆ ದಾವಣಗೆರೆಯಲ್ಲಿ ಹತ್ತಿ ವ್ಯಾಪಾರಸ್ಥರ ಹಳೆಯ ಮನೆಯೊಂದನ್ನು ಕೆಡವುತ್ತಿದ್ದರು. ಬಾಗಿಲು, ಕಂಬ, ತೊಲೆಗಳ ಜೊತೆಗೆ ಗುಜರಿಗೆ ಹೊರಟಿದ್ದ ಒಂದು ಚಿತ್ರವನ್ನು ನಾನು ಕೊಂಡೆ. ಕಂದು ಬಣ್ಣದ ಕುದುರೆ, ಅದರ ಕಡಿವಾಣ ಹಿಡಿದು ನಿಂತ ಆಳು, ದೂರದಲ್ಲಿ ರೇಸಿನ ಗುರಿಗಂಬ. ಕೆಳಗಿನ ಬಿಳಿ ಅಂಚಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಮೂರು ಸಾಲು. ಗಾಜು ಒಡೆದಿದ್ದರಿಂದ ಅದನ್ನು ಕಟ್ಟು ಹಾಕುವ ಅಂಗಡಿಗೆ ಕೊಟ್ಟೆ. ವಾರದ ಮೇಲೆ ಚಿತ್ರ ಹೊಳೆಯುವ ಹೊಸ ಚೌಕಟ್ಟಿನೊಳಗೆ ಬಂತು, ಆದರೆ ಚೌಕಟ್ಟಿನ ಅಳತೆಗೆ ಹೊಂದಿಸಲೆಂದು ಅಂಚನ್ನು ಕತ್ತರಿಸಿ ಎಸೆದಿದ್ದರು. ಕುದುರೆಯ ಹೆಸರು ಇದ್ದದ್ದು ಆ ಮೂರು ಸಾಲಿನಲ್ಲಿ, ಮತ್ತು ನಾನು ಅದನ್ನು ಬರೆದಿಟ್ಟುಕೊಂಡಿರಲಿಲ್ಲ. ಅದು ಯಾವ ಕುದುರೆಯೆಂದು ಇವತ್ತಿನವರೆಗೂ ನನಗೆ ತಿಳಿದಿಲ್ಲ.

ಹಳೆಯ ಕುದುರೆ ಮತ್ತು ನಾಯಿಗಳ ಚಿತ್ರಗಳಲ್ಲಿ ಬಹಳಷ್ಟು, ಒಂದು ಕಾಲದಲ್ಲಿ ಬದುಕಿದ್ದ, ಹೆಸರಿಟ್ಟು ಕರೆಸಿಕೊಂಡಿದ್ದ ಒಂದೊಂದು ಪ್ರಾಣಿಯ ಭಾವಚಿತ್ರಗಳು. ಈ ಭಾವ ಕನ್ನಡಿಗರಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲಿನ ಮೇಲೆ ಹಂದಿಯೊಡನೆ ಕಾದಾಡುತ್ತಿರುವ ಬೇಟೆನಾಯಿಯನ್ನು ಕಂಡರಿಸಿದ್ದಾರೆ. ಶಕ 872ರ, ಅಂದರೆ ಕ್ರಿ.ಶ. 949-50ರ ಅದರ ಶಾಸನ ನಾಯಿಯ ಹೆಸರನ್ನೂ ಹೇಳುತ್ತದೆ: ಕಾಳಿ. ಗಂಗರ ಅರಸ ಬೂತುಗನು, ಚೋಳರ ವಿರುದ್ಧದ ತಕ್ಕೋಲದ ಕದನದಲ್ಲಿ ಮೆರೆದ ತನ್ನ ಭಟ ಮಣಲೇರನಿಗೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಈ ನಾಯಿಯನ್ನು. ನಾಯಿಯೂ ಹಂದಿಯೂ ಕಾದಾಡಿ ಸತ್ತ ಮೇಲೆ ಮಣಲೇರ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಡಿಸಿದ. ಸಂಗ್ರಹಕ್ಕೆ ಇಳಿಯುವವರು ಮೊದಲು ಬೆಂಗಳೂರಿಗೆ ಹೋಗಿ ಆ ಕಲ್ಲಿನ ಮುಂದೆ ಹತ್ತು ನಿಮಿಷ ನಿಂತು ಬರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಮೊದಲು ಕಾನೂನು, ಆಮೇಲೆ ಹಣ

ಇಂಥ ಕಲ್ಲನ್ನು ನೋಡಬಹುದು, ಕೊಳ್ಳುವಂತಿಲ್ಲ. ಚಿತ್ರದುರ್ಗದ ಸೀಮೆಯಲ್ಲಿ ಹೊಲದ ಬದುವಿನಲ್ಲೋ ಊರ ಮುಂದಿನ ಕಟ್ಟೆಯಲ್ಲೋ ಕುದುರೆ ಏರಿದ ವೀರನ ಕಲ್ಲು ಕಂಡರೆ, ಅದನ್ನು ಅಲುಗಿಸದೆ ಫೋಟೊ ತೆಗೆದು ಚಿತ್ರದುರ್ಗದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಿಳಿಸಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಮೀರಿದ ಶಿಲ್ಪ, ವರ್ಣಚಿತ್ರ, ಮುದ್ರಿತ ಚಿತ್ರಗಳು ಪುರಾವಸ್ತುಗಳಾಗುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಶಿಲ್ಪ ಮತ್ತು ವರ್ಣಚಿತ್ರಗಳಂಥ ಕೆಲವು ಬಗೆಯವನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಅದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಹಳೆಯ ಬಂಗಲೆಗಳ ಹುಲಿ ಚರ್ಮ, ಜಿಂಕೆ ಕೊಂಬು, ದಂತದ ಕೆತ್ತನೆಗಳ ಕಡೆಗೆ ಕೈ ಚಾಚಲೇಬಾರದು. ಬೇಟೆಯ ಚಿತ್ರ ಬೇರೆ, ಬೇಟೆಯಾದದ್ದು ಬೇರೆ.

ಎರಡನೆಯ ಹೆಜ್ಜೆ, ಎಲ್ಲೆ ಹಾಕಿಕೊಳ್ಳುವುದು. ಜಾರ್ಜ್ ಸ್ಟಬ್ಸ್ 1762ರ ಸುಮಾರಿಗೆ ಬರೆದ ವಿಸಲ್‌ಜಾಕೆಟ್ ಎಂಬ ಕುದುರೆಯ ಆಳೆತ್ತರ ಮೀರಿದ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಂಥ ತೈಲಚಿತ್ರಗಳು ನಮ್ಮ ಪಾಲಿಗೆ ನೋಡಿ ಕಲಿಯುವುದಕ್ಕೆ ಮಾತ್ರ. ಸಾಮಾನ್ಯ ಸಂಬಳದವರು ಕೈ ಹಾಕಬಹುದಾದದ್ದು ಮುದ್ರಿತ ಚಿತ್ರಗಳಿಗೆ. ನಾಯಿ ಅಥವಾ ಕುದುರೆ, ಎರಡರಲ್ಲಿ ಒಂದನ್ನು ಆರಿಸಿಕೊಂಡು ಎರಡು ವರ್ಷ ಅದನ್ನೇ ಹಿಡಿಯಿರಿ. ನಮ್ಮ ನೆಲಕ್ಕೆ ಹತ್ತಿರದ್ದು ಬೇಕೆನ್ನುವವರಿಗೆ ಬಂಗಾಳದ ಸೈನ್ಯದಲ್ಲಿದ್ದ ಥಾಮಸ್ ವಿಲಿಯಮ್‌ಸನ್ ಮತ್ತು ಕಲಾವಿದ ಸ್ಯಾಮ್ಯುಯೆಲ್ ಹೋವಿಟ್ ಸೇರಿ ಮಾಡಿದ, ಎಡ್ವರ್ಡ್ ಓರ್ಮ್ 1807ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ, 40 ಬಣ್ಣದ ಚಿತ್ರಗಳ ‘ಓರಿಯೆಂಟಲ್ ಫೀಲ್ಡ್ ಸ್ಪೋರ್ಟ್ಸ್’ ಇದೆ. ಅದರ ಬಿಡಿ ಹಾಳೆಗಳು ಮಾರಾಟಕ್ಕೆ ಬರುತ್ತವೆ. ಅವುಗಳಲ್ಲಿ ಹಂದಿಬೇಟೆಯ ಕುದುರೆಗಳೂ ಊರ ನಾಯಿಗಳೂ ಇವೆ. ಇನ್ನೂ ಕಡಿಮೆ ಖರ್ಚಿನಲ್ಲಿ ಆರಂಭಿಸಲು ಪ್ಲೇಯರ್ಸ್ ಸಿಗರೇಟು ಪೊಟ್ಟಣಗಳಲ್ಲಿ 1929 ಮತ್ತು 1931ರಲ್ಲಿ ಬಂದ, ಆರ್ಥರ್ ವಾರ್ಡಲ್ ಬರೆದ ನಾಯಿಗಳ ಪುಟ್ಟ ಕಾರ್ಡುಗಳು ಒಳ್ಳೆಯವು.

ಭೂತಗನ್ನಡಿಯಲ್ಲಿ ನೋಡುವುದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದನ್ನು ಮೊದಲು ಕೊಳ್ಳಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಕಚ್ಚಿಕೊಳ್ಳುವ ಗಾಜಾದರೂ ಸಾಕು. ಅಭ್ಯಾಸಕ್ಕೆ ಮೊದಲು ಇವತ್ತಿನ ದಿನಪತ್ರಿಕೆಯ ಫೋಟೊ ನೋಡಿ. ಸಾಲಾಗಿ, ಒಂದೇ ಅಂತರದಲ್ಲಿ ಕೂತ ಚುಕ್ಕಿಗಳು ಕಾಣುತ್ತವೆ. 1800ರ ಸುಮಾರಿನದೆಂದು ಮಾರುವ ಚಿತ್ರದಲ್ಲಿ ಇಂಥ ಚುಕ್ಕಿಗಳ ಸಾಲು ಕಂಡರೆ ಮಾತು ಮುಗಿಯಿತು. ಆ ವಿಧಾನ ವ್ಯಾಪಾರಕ್ಕೆ ಬಂದದ್ದೇ 1880ರ ದಶಕದಲ್ಲಿ.

ಆ ಕಾಲದ ಬೇಟೆ ಮತ್ತು ರೇಸಿನ ಚಿತ್ರಗಳಲ್ಲಿ ಹೆಚ್ಚಿನವು ಅಕ್ವಾಟಿಂಟ್‌ಗಳು. ತಾಮ್ರದ ಫಲಕದ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದಿದಾಗ ಪುಡಿಯ ಕಣಗಳ ಸುತ್ತಲಿನ ತಾಮ್ರ ಮಾತ್ರ ಸವೆಯುತ್ತದೆ. ಆ ತಗ್ಗಿನಲ್ಲಿ ನಿಂತ ಮಸಿ ಕಾಗದಕ್ಕೆ ಇಳಿಯುತ್ತದೆ. ಆದ್ದರಿಂದ ಕುದುರೆಯ ಹೊಟ್ಟೆಯ ನೆರಳನ್ನು ಗಾಜಿನಲ್ಲಿ ನೋಡಿದರೆ ಬೇಸಿಗೆಯಲ್ಲಿ ಬಿರುಕುಬಿಟ್ಟ ಕೆರೆಯಂಗಳದಂಥ, ಒಂದರಂತೆ ಇನ್ನೊಂದಿಲ್ಲದ ಸಣ್ಣ ಬಲೆ ಕಾಣಬೇಕು. ಬಣ್ಣವನ್ನು ಕೈಯಿಂದ ತುಂಬಿದ್ದರೆ ಅದು ಅಲ್ಲಲ್ಲಿ ಗೆರೆ ದಾಟಿರುತ್ತದೆ, ಗೊರಸಿನ ಮೂಲೆಯಲ್ಲಿ ತುಸು ಮಡುಗಟ್ಟಿರುತ್ತದೆ. ಇನ್ನು ಚಿತ್ರದ ಸುತ್ತ ಬೆರಳ ತುದಿಯನ್ನು ಹಗುರವಾಗಿ ಆಡಿಸಿ: ಯಂತ್ರದ ಒತ್ತಡಕ್ಕೆ ತಾಮ್ರಫಲಕ ಒತ್ತಿದ ಚೌಕದ ತಗ್ಗು ಕೈಗೆ ತಿಳಿಯಬೇಕು. ಕಲ್ಲಿನ ಮೇಲೆ ಬರೆದು ಮುದ್ರಿಸುವ ಕಲ್ಲಚ್ಚಿನಲ್ಲಿ ಈ ತಗ್ಗು ಇರುವುದಿಲ್ಲ, ಅದರ ಗೆರೆ ಸೀಸದಕಡ್ಡಿಯ ಗೆರೆಯಂತೆ ಮೆತ್ತಗಿರುತ್ತದೆ.

ಕಾಗದವನ್ನು ಬೆಳಕಿಗೆ ಹಿಡಿಯಿರಿ. ವಾಟ್‌ಮನ್ ಎಂಬ ಕಾಗದ ತಯಾರಕರ ಹೆಸರೂ ಒಂದು ಇಸವಿಯೂ ನೀರಚ್ಚಿನಲ್ಲಿ ಕಂಡರೆ ಆ ಇಸವಿಯನ್ನು ಬರೆದುಕೊಳ್ಳಿ. ಚಿತ್ರದ ಕೆಳಗೆ 1807 ಎಂದಿದ್ದು ಕಾಗದದಲ್ಲಿ ಅದಕ್ಕಿಂತ ಹತ್ತು ಹದಿನೈದು ವರ್ಷ ಈಚಿನ ಇಸವಿ ಇದ್ದರೆ ಚಿತ್ರ ನಕಲಿಯಲ್ಲ, ಹಳೆಯ ಫಲಕದಿಂದ ಮತ್ತೆ ತೆಗೆದ ಪ್ರತಿ. ಫಲಕ ಸವೆದು ನೆರಳು ತೆಳುವಾಗಿರುತ್ತದೆ, ಬೆಲೆಯೂ ಅಷ್ಟೇ ಕಡಿಮೆಯಾಗಬೇಕು. ಆ ಕಾಲದ ಒಳ್ಳೆಯ ಕಾಗದವನ್ನು ಹತ್ತಿ ಮತ್ತು ನಾರುಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು. ಹತ್ತಿಯ ಗಿರಣಿಗಳಿಂದ ಹೆಸರಾದ ದಾವಣಗೆರೆಯವರಿಗೆ ಆ ಕಾಗದದ ಬಿಗಿ ಬೆರಳಿಗೇ ಗೊತ್ತಾಗುತ್ತದೆ. ಮರದ ತಿರುಳಿನ ಅಗ್ಗದ ಕಾಗದ ಹಳದಿಯಾಗಿ ಮುರಿಯುವಾಗ ಇದು ಇನ್ನೂರು ವರ್ಷವಾದರೂ ಬಾಗುತ್ತದೆ.

ಅಂಚನ್ನು ಓದುವ ಬಗೆ

ಇಂಗ್ಲೆಂಡಿನಲ್ಲಿ 1735ರ ಕೆತ್ತನೆಗಾರರ ಹಕ್ಕಿನ ಕಾಯ್ದೆ, ರಕ್ಷಣೆ ಬೇಕಾದ ಪ್ರತಿ ಫಲಕದ ಮೇಲೂ ಒಡೆಯನ ಹೆಸರು ಮತ್ತು ದಿನಾಂಕ ಇರಬೇಕೆಂದು ವಿಧಿಸಿತು. ಆದ್ದರಿಂದಲೇ ಚಿತ್ರದ ಕೆಳಗಿನ ಅಂಚು ಅದರ ಜಾತಕ. ಎಡಕ್ಕೆ ‘ಪಿಂಕ್ಸಿಟ್’ ಎಂದಿದ್ದರೆ ಅದರ ಹಿಂದಿನ ಹೆಸರು ಚಿತ್ರ ಬರೆದವನದು, ಬಲಕ್ಕೆ ‘ಸ್ಕಲ್ಪ್‌ಸಿಟ್’ ಎಂದಿದ್ದರೆ ಕೆತ್ತಿದವನದು, ತೀರ ಕೆಳಗೆ ಪ್ರಕಾಶಕನ ವಿಳಾಸ ಮತ್ತು ದಿನಾಂಕ. ರೇಸಿನ ಕುದುರೆಯಾದರೆ ಅದರ ಹೆಸರು, ತಂದೆತಾಯಿ, ಒಡೆಯ, ಗೆದ್ದ ಪಂದ್ಯ ಎಲ್ಲವೂ ಅಲ್ಲೇ ಸಿಗಬಹುದು. ಚೌಕಟ್ಟಿನೊಳಗೆ ಅಂಚು ಕಾಣದ ಚಿತ್ರಕ್ಕೆ ಪೂರ್ತಿ ಬೆಲೆ ಕೊಡಬೇಡಿ. ಹಿಂದಿನ ಹಲಗೆ ಬಿಚ್ಚಿ ತೋರಿಸಲು ಕೇಳಿ. ಒಪ್ಪದವರಿಂದ ಕೊಳ್ಳದಿರುವುದು ಲೇಸು.

ಅಂಚು ಹೋಗಿದ್ದರೆ ಕುದುರೆಯ ಕಾಲುಗಳು ಸ್ವಲ್ಪ ಸಾಕ್ಷಿ ಹೇಳುತ್ತವೆ. ಹಿಂದಿನ ಚಿತ್ರಕಾರರು ನಾಗಾಲೋಟದ ಕುದುರೆಯನ್ನು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುವಂತೆ ಬರೆಯುತ್ತಿದ್ದರು. ಲೂವ್ರ್‌ನಲ್ಲಿರುವ ಫ್ರೆಂಚ್ ಚಿತ್ರಕಾರ ಜೆರಿಕೋನ ‘1821ರ ಎಪ್ಸಮ್ ಡರ್ಬಿ’ ಚಿತ್ರದ ಕುದುರೆಗಳು ಹೀಗೇ ಓಡುತ್ತವೆ. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ ಸ್ಯಾಲಿ ಗಾರ್ಡ್ನರ್ ಎಂಬ ಕುದುರೆಯ ಓಟವನ್ನು ಸಾಲು ಕ್ಯಾಮೆರಾಗಳಲ್ಲಿ ಹಿಡಿದಾಗ, ನಾಲ್ಕು ಗೊರಸೂ ನೆಲ ಬಿಡುವುದು ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಾಗ ಎಂದು ಕಂಡಿತು. ಆದ್ದರಿಂದ 1820ರದೆನ್ನುವ ಚಿತ್ರದಲ್ಲಿ ಕಾಲುಗಳು ಕ್ಯಾಮೆರಾ ಕಂಡಂತೆಯೇ ಮಡಚಿದ್ದರೆ ಅನುಮಾನಿಸಿ. ಚಾಚಿದ ಕಾಲು ಮಾತ್ರ ಹಳೆಯದೆಂಬುದಕ್ಕೆ ಪುರಾವೆಯಲ್ಲ. ಹತ್ತೊಂಬತ್ತನೆಯ ಶತಮಾನದ ಹೆನ್ರಿ ಆಲ್ಕನ್ನನ ಬೇಟೆಯ ಚಿತ್ರಗಳಂಥವನ್ನು ಇಪ್ಪತ್ತನೆಯ ಶತಮಾನದಲ್ಲೂ ಮತ್ತೆ ಮತ್ತೆ ಅಚ್ಚು ಹಾಕಿದ್ದಾರೆ.

ನಾಯಿಗಳಲ್ಲಿ ಮೈಕಟ್ಟನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ನಾಯಿಗಳ ಪ್ರದರ್ಶನ 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಆರಂಭವಾಗಿ, 1873ರಲ್ಲಿ ಕೆನಲ್ ಕ್ಲಬ್ ಎಂಬ ನಾಯಿತಳಿಗಳ ಸಂಸ್ಥೆ ಹುಟ್ಟಿದ ಮೇಲೆ ತಳಿಗಳು ಒಂದೊಂದು ಅಚ್ಚಿಗೆ ಬಿದ್ದವು. ಅದಕ್ಕೆ ಹಿಂದಿನ ಚಿತ್ರಗಳ ಬುಲ್‌ಡಾಗ್ ಇಂದಿನದಕ್ಕಿಂತ ಕಾಲುದ್ದ, ಮೂತಿಯೂ ಇಷ್ಟು ಚಪ್ಪಟೆಯಲ್ಲ. ಎಡ್ವಿನ್ ಲ್ಯಾಂಡ್‌ಸಿಯರ್ 1838ರಲ್ಲಿ ಪ್ರದರ್ಶಿಸಿದ, ನೀರಿನ ಕಟ್ಟೆಯ ಮೇಲೆ ಮಲಗಿದ ಕಪ್ಪು-ಬಿಳುಪು ನ್ಯೂಫೌಂಡ್‌ಲ್ಯಾಂಡ್ ನಾಯಿಯ ಚಿತ್ರದ ಕೆತ್ತನೆ ಪ್ರತಿಗಳು ಬಹಳ ಹರಡಿದವು. ಆ ಚಿತ್ರಕ್ಕೆ ಮಾದರಿಯಾದ ನಾಯಿಯ ಹೆಸರು ಪಾಲ್ ಪ್ರೈ. ಆ ಬಗೆಯ ನಾಯಿಗಳನ್ನು ಈಗ ಚಿತ್ರಕಾರನ ಹೆಸರಿನಿಂದಲೇ ಕರೆಯುತ್ತಾರೆ.

ಕಂಚಿನ ಪ್ರತಿಮೆಗಳ ಬಗ್ಗೆ ಎರಡೇ ಮಾತು. ಫ್ರಾನ್ಸಿನ ಶಿಲ್ಪಿಗಳಾದ ಬಾರಿ ಮತ್ತು ಮೇನ್ ಮಾಡಿದ ಕುದುರೆ, ನಾಯಿಗಳ ನಕಲುಗಳು ಎಷ್ಟೋ ಇವೆ. ಆಯಸ್ಕಾಂತ ಅಂಟಿದರೆ ಅದು ಕಬ್ಬಿಣ. ಅಡಿಯಲ್ಲಿ ಗೀರಿದ ಜಾಗ ಹೊನ್ನಿನ ಬಣ್ಣಕ್ಕೆ ಬದಲು ಬೂದು ಬಣ್ಣಕ್ಕಿದ್ದರೆ ಸತುವಿನ ಬೆರಕೆ. ಹೊಸಬರು ಇದಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಕಟ್ಟು ಹಾಕಿಸುವ ಮುನ್ನ

ಅಂಗಡಿಗೆ ಹೋಗುವ ಮೊದಲು ಚಿತ್ರದ ಮುಂಭಾಗ, ಹಿಂಭಾಗ, ನಾಲ್ಕೂ ಅಂಚುಗಳ ಫೋಟೊ ತೆಗೆಯಿರಿ, ಅಕ್ಷರಗಳನ್ನೆಲ್ಲ ಪುಸ್ತಕಕ್ಕೆ ಇಳಿಸಿ. ಕೊಂಡ ದಿನ, ಬೆಲೆ, ಯಾವ ಊರಿನ ಎಂಥ ಮನೆಯಿಂದ ಬಂತು ಎಂಬುದೂ ಅದೇ ಪುಟದಲ್ಲಿರಲಿ. ಕತ್ತರಿ ಮುಟ್ಟಿಸಬಾರದು, ಚಿತ್ರಕ್ಕೆ ತಕ್ಕ ಚೌಕಟ್ಟು ಮಾಡಬೇಕೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹಿಂದೆ ಇಡುವ ರಟ್ಟು ಆಮ್ಲವಿಲ್ಲದ ಹತ್ತಿಯ ರಟ್ಟಾಗಿರಲಿ, ಮಾಮೂಲಿ ರಟ್ಟು ಕಾಗದಕ್ಕೆ ಕಂದು ಕಲೆ ಹತ್ತಿಸುತ್ತದೆ. ಅಂಟುಪಟ್ಟಿ, ಫೆವಿಕಾಲ್, ಲ್ಯಾಮಿನೇಷನ್ ಬೇಡವೇ ಬೇಡ. ತೆಳು ಕಾಗದದ ಎರಡು ತುಂಡುಗಳನ್ನು ಗೋಧಿಪಿಷ್ಟದ ಗಂಜಿಯಲ್ಲಿ ಅಂಟಿಸಿ ಚಿತ್ರವನ್ನು ಮೇಲಂಚಿನಿಂದ ಮಾತ್ರ ತೂಗಬೇಕು. ಗಾಜು ಚಿತ್ರಕ್ಕೆ ತಾಗಬಾರದು.

ನಮ್ಮ ಸೀಮೆಯ ಒಣಹವೆ ಕಾಗದಕ್ಕೆ ಕರಾವಳಿಯಷ್ಟು ಕೆಡುಕಲ್ಲ, ಆದರೆ ಬಿಸಿಲು ಮತ್ತು ಗೆದ್ದಲು ಬಿಡುವುದಿಲ್ಲ. ಪಡುವಣ ಬಿಸಿಲು ಬೀಳುವ ಗೋಡೆಗೂ ಬಚ್ಚಲಿಗೆ ತಾಗಿದ ಗೋಡೆಗೂ ಚಿತ್ರ ತೂಗಬಾರದು, ಮುಂಗಾರಿಗೆ ಮೊದಲೊಮ್ಮೆ ಮತ್ತು ಮಳೆ ನಿಂತ ಮೇಲೊಮ್ಮೆ ಕೆಳಗಿಳಿಸಿ ಹಿಂಬದಿ ನೋಡಬೇಕು.

ಇಷ್ಟು ಕಲಿತ ಮೇಲೆ ನಿಮ್ಮ ಮನೆಯ ಟ್ರಂಕನ್ನೇ ತೆರೆಯಿರಿ. ಎಷ್ಟೋ ಮನೆಗಳ ಹಳೆಯ ಸ್ಟುಡಿಯೊ ಫೋಟೊಗಳಲ್ಲಿ ಅಜ್ಜನ ಕಾಲ ಬಳಿ ಒಂದು ನಾಯಿ ಕೂತಿರುತ್ತದೆ, ಟಾಂಗಾದ ಮುಂದೆ ಒಂದು ಕುದುರೆ ನಿಂತಿರುತ್ತದೆ. ಅದರ ಹೆಸರು ಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ಈ ವಾರವೇ ಅವರನ್ನು ಕೇಳಿ, ಫೋಟೊದ ಹಿಂದೆ, ತುದಿಯ ಹತ್ತಿರ, ಮೆತ್ತನೆಯ ಸೀಸದಕಡ್ಡಿಯಿಂದ ಒತ್ತದೆ ಬರೆದಿಡಿ.