ಹಾಳೆ ತಿರುಗಿಸಿ ನೋಡಿ: ಹದಿನೈದನೇ ಶತಮಾನದ ಇಂಗ್ಲೆಂಡಿನ ಮುಚ್ಚಳಿಕೆ, ಜಮೀನು ಪತ್ರಗಳನ್ನು ಓದುವ ಕ್ರಮ

ಮುಚ್ಚಳಿಕೆಯ (ಇಂಗ್ಲಿಷಿನಲ್ಲಿ ಬಾಂಡ್) ಮುಂಭಾಗದಲ್ಲಿ ಜಾನ್ ಎಂಬುವನು ವಿಲಿಯಂಗೆ 40 ಮಾರ್ಕ್ (ಆಗಿನ ಹಣದ ಲೆಕ್ಕದ ಮಾನ) ಕೊಡತಕ್ಕದ್ದಿದೆ ಎಂದು ಬರೆದುಕೊಟ್ಟಿರುತ್ತಾನೆ. ಹೊಸದಾಗಿ ಓದುವವರು ‘ಜಾನ್ 40 ಮಾರ್ಕ್ ಸಾಲ ಪಡೆದ’ ಎಂದು ಟಿಪ್ಪಣಿ ಮಾಡಿಕೊಂಡು ಮುಂದಿನ ದಾಖಲೆಗೆ ಹೋಗುತ್ತಾರೆ. ಬಹುತೇಕ ಸಲ ಅದು ತಪ್ಪು. ಜಾನ್ ಆ 40 ಮಾರ್ಕನ್ನು ಕಣ್ಣಿಂದ ಕೂಡ ನೋಡಿರುವುದಿಲ್ಲ. ಅದು ಮಾತಿಗೆ ತಪ್ಪಿದರೆ ತೆರಬೇಕಾದ ದಂಡ. ಆ ಮಾತು ಏನೆಂಬುದು ಹಾಳೆಯ ಬೆನ್ನಿನಲ್ಲೋ, ಕೆಳಗಿನ ಅಂಚಿನಲ್ಲೋ, ಬೇರೆಯದೇ ಪತ್ರದಲ್ಲೋ ಇರುತ್ತದೆ. ಕೈಸಾಲಕ್ಕೆ ಭದ್ರತೆಯೆಂದು ಸಹಿ ಹಾಕಿದ ಖಾಲಿ ಚೆಕ್ ಕೊಡುವುದನ್ನು ಬೆಂಗಳೂರಿನಲ್ಲಿ ನೋಡಿದವರಿಗೆ ಈ ಲೆಕ್ಕ ಬೇಗ ಹತ್ತುತ್ತದೆ: ಚೆಕ್ಕಿನ ಮೇಲೆ ಮುಂದೆ ಬೀಳುವ ಅಂಕಿಗೂ ನಿಜವಾದ ಸಾಲಕ್ಕೂ ತಾಳೆಯಾಗಲೇಬೇಕೆಂದೇನಿಲ್ಲ.

ಇನ್ನೊಂದು ಗೊಂದಲವನ್ನು ಮೊದಲೇ ಕಳೆಯೋಣ. ಕೆ.ಜಿ. ರಸ್ತೆಯ ಕಂದಾಯ ಭವನದ ಸುತ್ತ ‘ಬಾಂಡ್’ ಎಂದರೆ ಛಾಪಾ ಕಾಗದ. ಇಲ್ಲಿ ಮಾತಾಡುತ್ತಿರುವ ಬಾಂಡ್ ಬೇರೆ: ಚರ್ಮದ ಹಾಳೆಯ ಮೇಲೆ ಬರೆದು, ಮೇಣದ ಮುದ್ರೆ ಒತ್ತಿ ಕೊಟ್ಟ ಮುಚ್ಚಳಿಕೆ. ಅದಕ್ಕೆ ಸರ್ಕಾರದ ಛಾಪಾ ಇರಲಿಲ್ಲ, ನೋಂದಣಿಯೂ ಇರಲಿಲ್ಲ. ಸಹಿಯ ಕೆಲಸವನ್ನು ಮುದ್ರೆಯೇ ಮಾಡುತ್ತಿತ್ತು.

ಯಾವ ಪತ್ರ ಕೈಯಲ್ಲಿದೆ?

‘ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ’ ಎಂಬ ಸಾಲು ಕಂಡ ಕೂಡಲೇ ಮುಂದೇನು ಬರುತ್ತದೆಂದು ನಮಗೆ ಗೊತ್ತಾಗುವಂತೆ, ಲ್ಯಾಟಿನ್ ಪತ್ರದ ಮೊದಲ ಎರಡು ಮೂರು ಪದಗಳೇ ಅದರ ಜಾತಿ ಹೇಳುತ್ತವೆ. ‘ಸ್ಕಿಯಾಂತ್ ಪ್ರೆಸೆಂತೆಸ್ ಎತ್ ಫುತೂರಿ’, ಅಂದರೆ ‘ಈಗಿನವರೂ ಮುಂದಿನವರೂ ತಿಳಿಯಲಿ’ ಎಂದಿದ್ದರೆ ಜಮೀನು ವರ್ಗಾಯಿಸುವ ಪತ್ರ. ‘ಹೆಕ್ ಇಂದೆಂತೂರಾ’ ಎಂದಿದ್ದರೆ ಎರಡು ಕಡೆಯವರೂ ಒಂದೊಂದು ಪ್ರತಿ ಇಟ್ಟುಕೊಂಡ ಕರಾರು. ‘ಹೆಕ್ ಎಸ್ತ್ ಫಿನಾಲಿಸ್ ಕೊಂಕೋರ್ದಿಯಾ’ ಎಂದಿದ್ದರೆ ಕೋರ್ಟಿನ ರಾಜಿ.

ತೊಡಕು ಇರುವುದು ‘ನೋವೆರಿಂತ್ ಯೂನಿವೆರ್ಸಿ’, ‘ಎಲ್ಲರಿಗೂ ತಿಳಿದಿರಲಿ’ ಎಂಬುದರಲ್ಲಿ. ಮುಚ್ಚಳಿಕೆಯೂ ಹೀಗೇ ಶುರುವಾಗುತ್ತದೆ, ಹಕ್ಕು ಬಿಡುಗಡೆ ಪತ್ರವೂ, ಅಧಿಕಾರಪತ್ರವೂ. ಇಲ್ಲಿ ಕ್ರಿಯಾಪದದ ತನಕ ತಾಳ್ಮೆಯಿಂದ ಓದಬೇಕು. ‘ತೆನೇರಿ’ ಬಂದರೆ ಮುಚ್ಚಳಿಕೆ. ‘ರೆಮಿಸಿಸ್ಸೆ’ ಬಂದರೆ ಹಕ್ಕು ಬಿಟ್ಟುಕೊಟ್ಟದ್ದು. ‘ಅತ್ತೊರ್ನಾಸ್ಸೆ’ ಅಥವಾ ‘ಲೊಕೊ ಮೆಯೊ ಪೊಸುಯಿಸ್ಸೆ’ ಬಂದರೆ ನಮ್ಮ ಜಿ.ಪಿ.ಎ. ಇದ್ದಂತೆ.

ಪದಗಳಿಗಿಂತ ಮೊದಲು ಅಂಚು ನೋಡಿ. ಮೇಲಂಚು ಅಲೆಅಲೆಯಾಗಿಯೋ ಹಲ್ಲುಹಲ್ಲಾಗಿಯೋ ಕತ್ತರಿಸಿದ್ದರೆ, ಒಂದೇ ಹಾಳೆಯಲ್ಲಿ ಎರಡು ಪ್ರತಿ ಬರೆದು ನಡುವೆ ಸೀಳಿದ್ದಾರೆ ಎಂದರ್ಥ. ಜಗಳ ಬಂದಾಗ ಎರಡನ್ನೂ ಜೋಡಿಸಿ ನೋಡುತ್ತಿದ್ದರು. ಹೊಂದದಿದ್ದರೆ ಒಂದು ನಕಲಿ. ಮುಚ್ಚಳಿಕೆಯ ಅಂಚು ಮಾತ್ರ ನೆಟ್ಟಗಿರುತ್ತದೆ, ಏಕೆಂದರೆ ಅದು ಒಬ್ಬ ಬರೆದು ಇನ್ನೊಬ್ಬನ ಕೈಗೆ ಕೊಟ್ಟದ್ದು. ಬರೆದುಕೊಟ್ಟವನಲ್ಲಿ ಪ್ರತಿ ಉಳಿಯುವುದಿಲ್ಲ.

ಮುಂಭಾಗದಲ್ಲಿ ಗಮನಿಸಬೇಕಾದ್ದು

ಬರೆದುಕೊಟ್ಟವರ ಹೆಸರು, ಊರು, ಕಸುಬು ಅಥವಾ ಅಂತಸ್ತು ಮೊದಲು ಬರುತ್ತದೆ. 1413ರ ಕಾನೂನೊಂದು ಕೋರ್ಟಿನ ಕೆಲವು ಆದೇಶಗಳಲ್ಲಿ ಪ್ರತಿವಾದಿಯ ಅಂತಸ್ತು, ಕಸುಬು, ಊರು ನಮೂದಿಸಬೇಕೆಂದಿತು. ಮುಂದೆ ದಾವೆ ಹೂಡುವ ದಿನ ಬಂದೀತೆಂದು ಮುಚ್ಚಳಿಕೆಯಲ್ಲೂ ಅವನ್ನು ಬರೆಸಿಕೊಳ್ಳುವುದು ಜಾಣತನವಾಯಿತು. ವಂಶಾವಳಿ ಹುಡುಕುವವರಿಗೆ ಈ ಒಂದು ಸಾಲೇ ಚಿನ್ನ.

ಆಮೇಲೆ ಮೊತ್ತ, ಗಡುವು. ಗಡುವು ಸಾಮಾನ್ಯವಾಗಿ ಹಬ್ಬದ ದಿನ: ಮಾರ್ಚ್ 25, ಜೂನ್ 24ರ ಸಂತ ಜಾನ್, ಸೆಪ್ಟೆಂಬರ್ 29ರ ಸಂತ ಮೈಕೇಲ್, ಕ್ರಿಸ್‌ಮಸ್. ಕೊನೆಗೆ ‘ನನ್ನನ್ನೂ ನನ್ನ ವಾರಸುದಾರರನ್ನೂ ಮರಣಶಾಸನದ ನಿರ್ವಾಹಕರನ್ನೂ ಕಟ್ಟಿಹಾಕುತ್ತೇನೆ’ ಎಂಬ ಸಾಲು. ಇದು ಬರೀ ಅಲಂಕಾರವಲ್ಲ. ‘ವಾರಸುದಾರರು’ ಎಂಬ ಪದ ಬಿಟ್ಟುಹೋಗಿದ್ದರೆ ತಂದೆಯ ಮುಚ್ಚಳಿಕೆಗೆ ಮಗ ತನಗೆ ಬಂದ ಜಮೀನಿನಿಂದ ಉತ್ತರ ಕೊಡಬೇಕಿರಲಿಲ್ಲ.

ಇಬ್ಬರು ಮೂವರು ಸೇರಿ ಬರೆದುಕೊಟ್ಟಿದ್ದರೆ ‘ಇನ್ ಸೊಲಿದೊ’ ಹುಡುಕಿ. ಅದಿದ್ದರೆ ಪ್ರತಿಯೊಬ್ಬನೂ ಪೂರ್ತಿ ಮೊತ್ತಕ್ಕೆ ಹೊಣೆ. ಬರೆಸಿಕೊಂಡವನು ಅವರಲ್ಲಿ ಅನುಕೂಲಸ್ಥನನ್ನು ಆರಿಸಿ ಹಿಡಿಯಬಹುದಿತ್ತು. ಜಾಮೀನು ಹಾಕಿ ಕೈ ಸುಟ್ಟುಕೊಳ್ಳುವ ಸ್ನೇಹಿತರು ಆಗಲೂ ಇದ್ದರು.

ಹಿಂಭಾಗ: ಷರತ್ತು

ಹದಿನೈದನೇ ಶತಮಾನ ಮುಂದುವರಿದಂತೆ ಮುಂಭಾಗ ಲ್ಯಾಟಿನ್ನಿನಲ್ಲೇ ಉಳಿದರೂ ಷರತ್ತು ಹೆಚ್ಚೆಚ್ಚು ಇಂಗ್ಲಿಷಿಗೆ ತಿರುಗಿತು. ಅದರ ಧಾಟಿ ಒಂದೇ: ಇಂಥವನು ಇಂಥ ದಿನ ಇಂಥದ್ದನ್ನು ಮಾಡಿದರೆ ಈ ಮುಚ್ಚಳಿಕೆ ರದ್ದು, ಇಲ್ಲವಾದರೆ ಪೂರ್ಣ ಬಲದಿಂದ ಊರ್ಜಿತ.

ಷರತ್ತು ಹಣ ಕಟ್ಟುವುದಾಗಿದ್ದರೆ ದಂಡ ಸಾಮಾನ್ಯವಾಗಿ ಅಸಲಿನ ಎರಡರಷ್ಟು. ಮುಂಭಾಗದಲ್ಲಿ 26 ಪೌಂಡ್ 13 ಶಿಲ್ಲಿಂಗ್ 4 ಪೆನ್ಸ್ ಎಂಬ ವಿಚಿತ್ರ ಅಂಕಿ ಕಂಡರೆ ಗಾಬರಿ ಬೇಡ. ಅದು 40 ಮಾರ್ಕ್. ಮಾರ್ಕ್ ಎಂಬ ನಾಣ್ಯ ಇಂಗ್ಲೆಂಡಿನಲ್ಲಿ ಇರಲಿಲ್ಲ. ಅದು ಲೆಕ್ಕದ ಮಾನ, 160 ಪೆನ್ಸ್, ಅಂದರೆ 240 ಪೆನ್ಸಿನ ಪೌಂಡಿನಲ್ಲಿ ಮೂರನೇ ಎರಡು ಭಾಗ. ಹಾಗಾದರೆ ಅಸಲು 20 ಮಾರ್ಕ್, 13 ಪೌಂಡ್ 6 ಶಿಲ್ಲಿಂಗ್ 8 ಪೆನ್ಸ್ ಇರಬಹುದೆಂದು ಊಹಿಸಿ, ಷರತ್ತಿನಲ್ಲಿ ಆ ಅಂಕಿಯನ್ನು ಹುಡುಕಿ. ರೋಮನ್ ಅಂಕಿಗಳಲ್ಲಿ ಕೊನೆಯ ಒಂದನ್ನು ಬಾಲ ಎಳೆದು ಬರೆಯುತ್ತಿದ್ದರು. ನಾಲ್ಕರ ಮೇಲೆ ಚಿಕ್ಕದಾಗಿ ಇಪ್ಪತ್ತು ಬರೆದಿದ್ದರೆ ನಾಲ್ಕು ಇಪ್ಪತ್ತು, ಅಂದರೆ 80. ಇಪ್ಪತ್ನಾಲ್ಕು ಎಂದು ಓದಿ ಎಡವುವವರು ಬಹಳ.

ಷರತ್ತು ಹಣದ್ದೇ ಆಗಬೇಕೆಂದಿಲ್ಲ. ಪಂಚಾಯಿತಿದಾರರ ತೀರ್ಪಿಗೆ ಒಪ್ಪುತ್ತೇನೆ ಎಂದು ಎರಡು ಕಡೆಯವರೂ ಒಬ್ಬರಿಗೊಬ್ಬರು ಬರೆದುಕೊಟ್ಟವು ಹೇರಳ. ಮನೆ ಕಟ್ಟಿಕೊಡುತ್ತೇನೆ, ಮಗಳ ಮದುವೆಗೆ ಜಮೀನು ಬರೆದುಕೊಡುತ್ತೇನೆ, ಮಾರಿದ ಜಮೀನಿನ ಮೇಲೆ ತಂಟೆ ತಕರಾರು ಬಾರದಂತೆ ನೋಡಿಕೊಳ್ಳುತ್ತೇನೆ ಎಂಬವೂ ಉಂಟು. ಕೊನೆಯದು ನಮ್ಮ ಕ್ರಯಪತ್ರದ ‘ನಾನೇ ಮುಂದೆ ನಿಂತು ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ’ ಎಂಬುದಕ್ಕೆ ದಂಡದ ಹಲ್ಲು ಜೋಡಿಸಿದಂತೆ. ಇಂಥವುಗಳಲ್ಲಿ ದಂಡ 100 ಮಾರ್ಕ್, 100 ಪೌಂಡ್ ಎಂಬಂಥ ದುಂಡು ಸಂಖ್ಯೆ. ಅರ್ಧ ಮಾಡಿ ಅಸಲು ಹುಡುಕಬೇಡಿ, ಅಲ್ಲಿ ಅಸಲೇ ಇಲ್ಲ.

ಈ ಕಾಗದಕ್ಕೆ ಇಷ್ಟು ಭಯ ಏಕೆ? ಕಾಮನ್ ಲಾ ಕೋರ್ಟಿನಲ್ಲಿ ಮುದ್ರೆಯೊತ್ತಿದ ಪತ್ರದ ಎದುರು ಬಾಯಿಮಾತು ನಿಲ್ಲುತ್ತಿರಲಿಲ್ಲ. ಸಾಮಾನ್ಯ ಸಾಲದ ದಾವೆಯಲ್ಲಿ ಪ್ರತಿವಾದಿ ತನ್ನ ಕಡೆಯವರನ್ನು ಕರೆತಂದು ‘ಕೊಡಬೇಕಾದ್ದಿಲ್ಲ’ ಎಂದು ಪ್ರಮಾಣ ಮಾಡಿ ಪಾರಾಗಬಹುದಿತ್ತು. ಮುಚ್ಚಳಿಕೆ ಇದ್ದರೆ ಆ ದಾರಿ ಬಂದ್. ಉಳಿಯುತ್ತಿದ್ದವು ಕೆಲವೇ ಉತ್ತರಗಳು: ಇದು ನನ್ನ ಪತ್ರವೇ ಅಲ್ಲ, ಬೆದರಿಸಿ ಬರೆಸಿಕೊಂಡರು, ಷರತ್ತು ನೆರವೇರಿಸಿದ್ದೇನೆ, ಇಗೋ ಅವನೇ ಮುದ್ರೆಯೊತ್ತಿ ಕೊಟ್ಟ ಬಿಡುಗಡೆ ಪತ್ರ. ಷರತ್ತಿಲ್ಲದ ಬರೀ ಮುಚ್ಚಳಿಕೆಯ ಹಣವನ್ನು ಕಟ್ಟಿ, ಮುದ್ರೆಯ ರಸೀದಿ ತೆಗೆದುಕೊಳ್ಳದೆ, ಮುಚ್ಚಳಿಕೆಯನ್ನೂ ವಾಪಸು ಪಡೆಯದೆ ಬಂದವನು ಎರಡನೇ ಸಲ ಕಟ್ಟಬೇಕಾಗುತ್ತಿತ್ತು. ಷರತ್ತಿನ ಗಡುವು ಒಂದು ದಿನ ದಾಟಿದರೂ ಪೂರ್ತಿ ದಂಡ. ಇಂಗ್ಲೆಂಡಿನಲ್ಲಿ ಇದರ ಬಿಗಿ ಸಡಿಲವಾದದ್ದು ಕಾನೂನಿನ ಅಕ್ಷರಕ್ಕಿಂತ ನ್ಯಾಯ ನೋಡುವ ಚಾನ್ಸರಿ ಕೋರ್ಟಿನಿಂದ ಹದಿನೇಳನೇ ಶತಮಾನದಲ್ಲಿ, ನಂತರ 1697 ಮತ್ತು 1705ರ ಕಾನೂನುಗಳಿಂದ. ನಮ್ಮ 1872ರ ಕರಾರು ಕಾಯ್ದೆಯ 74ನೇ ಕಲಮು, ಬರೆದ ದಂಡವನ್ನು ಮೀರದಂತೆ ನ್ಯಾಯವಾದ ಪರಿಹಾರ ಮಾತ್ರ ಎನ್ನುವುದು, ಈ ಹಳೆಯ ಕಾಟಕ್ಕೆ ಕೊಟ್ಟ ಉತ್ತರವೇ. ಏಳನೇ ಹೆನ್ರಿ ಇದೇ ಕಾಗದವನ್ನು ತನ್ನ ಶ್ರೀಮಂತರ ಕೊರಳಿಗೆ ಹಗ್ಗವಾಗಿ ಬಳಸಿದ. ಅವನಿಗಾಗಿ ಆ ಹಗ್ಗ ಬಿಗಿದ ಎಂಪ್ಸನ್ ಮತ್ತು ಡಡ್ಲಿಯ ತಲೆಗಳು 1510ರಲ್ಲಿ ಉರುಳಿದವು.

ತೀರಿದ ಮುಚ್ಚಳಿಕೆಯ ಗುರುತು: ಬರಹದ ಮೇಲೆ ಚಾಕುವಿನಿಂದ ಎಳೆದ ಸೀಳುಗಳು. ಮುದ್ರೆ ಇಲ್ಲ ಎಂಬುದೊಂದನ್ನೇ ನಂಬಬೇಡಿ. ಐದು ನೂರು ವರ್ಷದಲ್ಲಿ ಮೇಣ ತಾನಾಗಿಯೇ ಉದುರುತ್ತದೆ.

ಜತೆಗಿದ್ದ ಜಮೀನು ಪತ್ರ ಹುಡುಕುವುದು

ಮುಚ್ಚಳಿಕೆಯಲ್ಲಿ ಜಮೀನಿನ ಹೆಸರು ಕಂಡರೆ ಅದರ ಹಿಂದೆಮುಂದೆ ಒಂದೆರಡು ತಿಂಗಳಲ್ಲಿ ಅದೇ ಜನರ ನಡುವೆ ಆದ ಬೇರೆ ಪತ್ರಗಳನ್ನು ಹುಡುಕಿ. ಮಾರಾಟವೊಂದು ಒಂದೇ ಪತ್ರದಲ್ಲಿ ಮುಗಿಯುತ್ತಿರಲಿಲ್ಲ. ವರ್ಗಾವಣೆಯ ಪತ್ರ ಬರೆದರೂ, ಜಮೀನಿನ ಮೇಲೆ ನಿಂತು ಒಂದು ಹೆಂಟೆ ಮಣ್ಣನ್ನೋ ಕಡ್ಡಿಯನ್ನೋ ಕೈಗಿಟ್ಟು ಸ್ವಾಧೀನ ಕೊಡುವ ತನಕ ಜಮೀನು ಕೈ ಬದಲಾಗುತ್ತಿರಲಿಲ್ಲ. ನಮ್ಮ ಶಾಸನಗಳಲ್ಲಿ ಧಾರೆ ಎರೆದು ಕೊಡುವುದನ್ನು ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ತಾನು ಹೋಗಲಾಗದವನು ಅಧಿಕಾರಪತ್ರ ಕೊಟ್ಟು ಬೇರೊಬ್ಬನನ್ನು ಕಳಿಸುತ್ತಿದ್ದ. ಮೇಲೆ ‘ಅತ್ತೊರ್ನಾಸ್ಸೆ’ ಎಂದು ಕಂಡ ಪತ್ರ ಇಲ್ಲಿಂದ ಬಂದದ್ದು.

ಕೆಲ ದಿನಗಳ ನಂತರದ ತಾರೀಖಿನ ಹಕ್ಕು ಬಿಡುಗಡೆ ಪತ್ರ ಸಿಕ್ಕರೆ ಅದನ್ನು ಎರಡನೇ ಮಾರಾಟ ಎಂದುಕೊಳ್ಳಬೇಡಿ. ಬಿಡುಗಡೆ ಪತ್ರ ಆಗಲೇ ಸ್ವಾಧೀನದಲ್ಲಿರುವವನಿಗೆ ಕೊಟ್ಟರೆ ಮಾತ್ರ ಕೆಲಸ ಮಾಡುತ್ತಿತ್ತು, ಅದಕ್ಕೇ ತಡವಾಗಿ ಬರುತ್ತದೆ.

ಕೊಂಡವರ ಪಟ್ಟಿಯಲ್ಲಿ ಐದು, ಹತ್ತು ಹೆಸರಿದ್ದು, ಅದರಲ್ಲಿ ಪಾದ್ರಿಗಳೂ ವಕೀಲರೂ ಇದ್ದರೆ ಅವರು ನಿಜವಾಗಿ ಕೊಂಡವರಲ್ಲ, ಇನ್ನೊಬ್ಬನ ಪರವಾಗಿ ಹೆಸರಿಗೆ ಹಿಡಿದವರು. ಒಬ್ಬ ಸತ್ತರೂ ಉಳಿದವರಲ್ಲಿ ಜಮೀನು ಮುಂದುವರಿಯುವುದರಿಂದ, ವಾರಸುದಾರ ಅಪ್ರಾಪ್ತನಾಗಿದ್ದಾಗ ಮೇಲಿನ ಒಡೆಯ ಕೈಹಾಕುವುದು ತಪ್ಪುತ್ತಿತ್ತು. ಈ ಉಪಾಯಕ್ಕೆ ಕಡಿವಾಣ ಹಾಕಲು ಹೊರಟ ಕಾನೂನು 1536ರದು, ಕೆಂಪೇಗೌಡರು ಬೆಂಗಳೂರು ಕಟ್ಟಿದರೆನ್ನುವ 1537ಕ್ಕೆ ಒಂದು ವರ್ಷ ಹಿಂದೆ.

ನಮ್ಮಂತೆ ಇ.ಸಿ. ತೆಗೆಸಿ ನೋಡುವ ಅವಕಾಶ ಆಗ ಇರಲಿಲ್ಲ. ಅದಕ್ಕೆ ಹತ್ತಿರದ್ದು ಕೋರ್ಟಿನ ರಾಜಿ. ಕೊಳ್ಳುವವನು ಮಾರುವವನ ಮೇಲೆ ತೋರಿಕೆಯ ದಾವೆ ಹೂಡುತ್ತಿದ್ದ, ಶುಲ್ಕ ಕಟ್ಟಿ ರಾಜಿಯಾಗುತ್ತಿದ್ದರು. ಒಂದೇ ಹಾಳೆಯಲ್ಲಿ ಮೂರು ಪ್ರತಿ ಬರೆದು ಕತ್ತರಿಸಿ, ಎರಡನ್ನು ಕಕ್ಷಿದಾರರಿಗೆ ಕೊಟ್ಟು, ಬುಡದ್ದನ್ನು ಕೋರ್ಟು ಇಟ್ಟುಕೊಳ್ಳುತ್ತಿತ್ತು. 1195ರಿಂದ 1830ರ ದಶಕದ ತನಕ ಈ ಬುಡಗಳು ಉಳಿದಿವೆ. ಮದುವೆಯಾದ ಹೆಣ್ಣಿನ ಹಕ್ಕನ್ನು ಗಟ್ಟಿಯಾಗಿ ಬಿಡಿಸಿಕೊಳ್ಳಲು ಇದೇ ದಾರಿ, ಏಕೆಂದರೆ ನ್ಯಾಯಾಧೀಶರು ಆಕೆಯನ್ನು ಪ್ರತ್ಯೇಕವಾಗಿ ಕೇಳುತ್ತಿದ್ದರು. ಆದರೆ ಇದರಲ್ಲಿನ ಬೆಲೆ ಮತ್ತು ಎಕರೆಯನ್ನು ನಂಬಿ ಲೆಕ್ಕ ಹಾಕಬೇಡಿ. ಎರಡೂ ವಾಡಿಕೆಯ ದುಂಡು ಸಂಖ್ಯೆಗಳು. ಚೆಕ್ಕುಬಂದಿ ಬೇಕಿದ್ದರೆ ವರ್ಗಾವಣೆಯ ಪತ್ರದಲ್ಲೇ ನೋಡಬೇಕು.

ವರ್ತಕರು ಮೇಯರ್ ಮುಂದೆ ಸಾಲ ಒಪ್ಪಿಕೊಂಡು ರಾಜಮುದ್ರೆ ಹಾಕಿಸುವ ಬಗೆ ಬೇರೆಯೇ ಇದೆ. 1283, 1285, 1353ರ ಕಾನೂನುಗಳಿಂದ ಬಂದದ್ದು. ತಪ್ಪಿದರೆ ನೇರ ಜೈಲು. ಜಮೀನಿನ ವಾರ್ಷಿಕ ಹುಟ್ಟುವಳಿಯನ್ನು ಅಂದಾಜು ಮಾಡಿ, ಸಾಲ ತೀರುವ ತನಕ ಸಾಲಗಾರನ ಜಮೀನನ್ನು ಸಾಲ ಕೊಟ್ಟವನಿಗೆ ಒಪ್ಪಿಸುತ್ತಿದ್ದರು. ನಮ್ಮ ಭೋಗ್ಯದಂತೆ ಕಾಣುತ್ತದೆ, ಆದರೆ ಇಲ್ಲಿ ಹುಟ್ಟುವಳಿ ಅಸಲಿಗೇ ವಜಾ.

ತಾರೀಖು, ಮತ್ತು ಬೆಂಗಳೂರಿನಲ್ಲಿ ಕೂತು ಹುಡುಕುವುದು

ಪತ್ರದಲ್ಲಿ ಇಸವಿ ಇರುವುದು ಅಪರೂಪ. ‘ನಾಲ್ಕನೇ ಎಡ್ವರ್ಡ್ ಆಳ್ವಿಕೆಯ 15ನೇ ವರ್ಷ, ಸಂತ ಮೈಕೇಲ್ ಹಬ್ಬದ ನಂತರದ ಸೋಮವಾರ’ ಎಂದಿರುತ್ತದೆ. ಅವನ ಆಳ್ವಿಕೆಯ ಎಣಿಕೆ 1461ರ ಮಾರ್ಚ್ 4ರಿಂದ. 15ನೇ ವರ್ಷ ಎಂದರೆ 1475ರ ಮಾರ್ಚ್ 4ರಿಂದ 1476ರ ಮಾರ್ಚ್ 3. ಆ ಸೆಪ್ಟೆಂಬರ್ 29 ಶುಕ್ರವಾರ, ಹಾಗಾಗಿ ತಾರೀಖು 1475ರ ಅಕ್ಟೋಬರ್ 2. ಮೊಬೈಲ್ ಕ್ಯಾಲೆಂಡರ್ ಹಿಂದಕ್ಕೆ ಸರಿಸಿ ವಾರ ನೋಡಬೇಡಿ, ಅದು ಗ್ರೆಗೋರಿಯನ್. ಆಗ ನಡೆಯುತ್ತಿದ್ದದ್ದು ಜೂಲಿಯನ್. ಇಸವಿಯೇ ಬರೆದಿದ್ದರೂ ಅಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ ಎಂಬುದು ನೆನಪಿರಲಿ. ಅವರ 1475ರ ಫೆಬ್ರವರಿ ನಮಗೆ 1476.

ಲಂಡನ್ನಿಗೆ ಹೋಗದೆಯೇ ಬಹಳಷ್ಟು ನಡೆಯುತ್ತದೆ. ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್ ಸೂಚಿಯಲ್ಲಿ ರಾಜಿಯ ಬುಡಗಳು ಸಿ.ಪಿ. 25/1, ವರ್ತಕರ ಸಾಲ ಸಿ. 241. ಸಾಲದ ದಾವೆಗಳ ಸುರುಳಿಗಳು ಸಿ.ಪಿ. 40. ಇವುಗಳ ಚಿತ್ರಗಳನ್ನು ಹೂಸ್ಟನ್ ವಿಶ್ವವಿದ್ಯಾಲಯದ ಆಂಗ್ಲೋ ಅಮೆರಿಕನ್ ಲೀಗಲ್ ಟ್ರೆಡಿಷನ್ ತಾಣ ಉಚಿತವಾಗಿ ಇಟ್ಟಿದೆ. ಅಂಚಿನಲ್ಲಿ ಕೌಂಟಿಯ ಹೆಸರು ನೋಡುತ್ತಾ ಇಳಿಯಿರಿ. ಪ್ರತಿವಾದಿ ಮುಚ್ಚಳಿಕೆಯನ್ನು ಓದಿಸಿ ಕೇಳಿದ್ದರೆ, ಕಳೆದುಹೋದ ಷರತ್ತು ಕೆಲವೊಮ್ಮೆ ಅಲ್ಲೇ ಪೂರ್ತಿ ನಕಲಾಗಿರುತ್ತದೆ.

ಮೂಲ ಮುಚ್ಚಳಿಕೆಯ ಫೋಟೋ ತರಿಸಿಕೊಳ್ಳುವಾಗ ‘ಎರಡೂ ಬದಿ, ಮುದ್ರೆಯ ಪಟ್ಟಿ ಸೇರಿಸಿ’ ಎಂದು ಬಿಡಿಸಿ ಬರೆಯಿರಿ. ಹಾಗೆ ಬರೆಯದಿದ್ದರೆ ಮುಂಭಾಗವೊಂದೇ ಬರಬಹುದು, ಆಗ ಕೈಯಲ್ಲಿ ಉಳಿಯುವುದು ಆ 40 ಮಾರ್ಕ್ ಮಾತ್ರ.