ಸದ್ಯಕ್ಕೆ 50 ಕೆಜಿ

ಕಾಫಿ ವರ್ತಕರ ಲೆಕ್ಕಪತ್ರಕ್ಕೆಂದು ಚಿಕ್ಕಮಗಳೂರಿನಲ್ಲಿ ನಾವು ನೋಡಿಕೊಳ್ಳುವ ತಂತ್ರಾಂಶಕ್ಕೆ ಈಗ ಹನ್ನೊಂದು ವರ್ಷ. ಕಳೆದ ಮಳೆಗಾಲದಲ್ಲಿ ವರ್ತಕರೊಬ್ಬರು ಫೋನ್ ಮಾಡಿ, 600 ಚೀಲದ ಸರಕನ್ನು ರಫ್ತು ವರದಿ 720 ಎಂದು ತೋರಿಸುತ್ತಿದೆ ಎಂದರು. ಹುಡುಕುತ್ತ ಹೋದಾಗ ಕೋಡಿನಲ್ಲಿ ಒಂದು ಟೂಡೂ, ಅಂದರೆ ಮುಂದೆ ಮಾಡಬೇಕಾದ ಕೆಲಸವನ್ನು ನೆನಪಿಸುವ ಕಮೆಂಟ್ (ಟಿಪ್ಪಣಿ) ಸಿಕ್ಕಿತು: ‘ಟೂಡೂ: ಸದ್ಯಕ್ಕೆ ಚೀಲಕ್ಕೆ 50 ಕೆಜಿ ಎಂದಿಟ್ಟಿದೆ, ಆಮೇಲೆ ಸರಿಪಡಿಸಬೇಕು.’ ನಮ್ಮ ಪೇಟೆಯಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ), ಚೆರಿ (ಹಣ್ಣನ್ನು ಹಾಗೆಯೇ ಒಣಗಿಸಿದ ಕಾಫಿ) ದರ ಹೇಳುವುದು 50 ಕೆಜಿ ಚೀಲಕ್ಕೆ. ಆ ವರ್ತಕರ ರಫ್ತಿನ ಚೀಲ 60 ಕೆಜಿಯದು. ಒಟ್ಟು 36,000 ಕೆಜಿಯನ್ನು ತಂತ್ರಾಂಶ 50ರಿಂದ ಭಾಗಿಸಿ 720 ಎಂದಿತ್ತು. ಬರೆದವರಿಗೆ ತಪ್ಪು ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಾಗಲಿಲ್ಲ, ಅಷ್ಟೇ.

ಅಂದೇ ಪದ ಹುಡುಕುವ ಗ್ರೆಪ್ ಎಂಬ ಸಾಧನದಲ್ಲಿ ಟೂಡೂ, ಅದರಂಥವೇ ಆದ ಫಿಕ್ಸ್‌ಮಿ (ಸರಿಪಡಿಸು), ಹ್ಯಾಕ್ (ತಾತ್ಕಾಲಿಕ ಉಪಾಯ) ಮೂರನ್ನೂ ಹುಡುಕಿದೆ. ಮುನ್ನೂರು ದಾಟಿತು. ಯಾರು ಬರೆದದ್ದೆಂದು, ಕೋಡಿನ ಬದಲಾವಣೆಗಳ ದಾಖಲೆಯಿಡುವ ಗಿಟ್‌ನಲ್ಲಿ ಪ್ರತಿ ಸಾಲನ್ನು ಕೊನೆಗೆ ಬದಲಿಸಿದವರ ಹೆಸರು ತೋರಿಸುವ ಬ್ಲೇಮ್ ಆಜ್ಞೆಯನ್ನು ಕೇಳಿದರೆ, ಬಹುಪಾಲು ನಮ್ಮ ತಂಡದ ಕಿರಿಯಳೊಬ್ಬಳ ಹೆಸರು! ಪಾಪ, ಅವಳು ಮಾಡಿದ್ದು ಇಡೀ ಕೋಡಿಗೆ ಸಾಲುಗಳ ಜೋಡಣೆ ಸರಿಮಾಡುವ ಫಾರ್ಮ್ಯಾಟರ್ ಓಡಿಸಿದ್ದು ಮಾತ್ರ. ಇಂಥ ಕಮಿಟ್‌ಗಳನ್ನು (ಗಿಟ್‌ನಲ್ಲಿ ದಾಖಲಾದ ಬದಲಾವಣೆಗಳನ್ನು) ಲೆಕ್ಕಕ್ಕೆ ಹಿಡಿಯಬೇಡ ಎಂದು ಬ್ಲೇಮ್‌ಗೆ ಹೇಳುವ ಸೌಲಭ್ಯ 2019ರ ಗಿಟ್ 2.23ರಿಂದಲೇ ಇದೆ. ಆ ಕಮಿಟ್‌ನ ಗುರುತನ್ನು ಒಂದು ಫೈಲಿನಲ್ಲಿ ಬರೆದು ಕೊಟ್ಟ ಮೇಲೆ ನಿಜವಾದ ಹೆಸರುಗಳೂ ವರ್ಷಗಳೂ ಹೊರಬಂದವು.

ಎಷ್ಟೋ ಕಡೆ ಕೆಲಸ ಮುಗಿದಿತ್ತು, ಕಮೆಂಟ್ ಮಾತ್ರ ಉಳಿದಿತ್ತು, ಅಳಿಸಿದೆ. ‘ಇದನ್ನು ಇನ್ನೂ ಚೆನ್ನಾಗಿ ಬರೆಯಬೇಕು’ ಎಂಬಂಥವನ್ನೂ ಅಳಿಸಿದೆ. ಏನು ಮಾಡಬೇಕು, ಏಕೆ ಮಾಡಬೇಕು ಎಂದು ಹೇಳದ ಸಾಲನ್ನು ನಾನು ಕೆಲಸವೆಂದು ಒಪ್ಪುವುದಿಲ್ಲ. ನಿಜವಾದ ದೋಷಗಳಿಗೆ ಒಂದೊಂದು ಟಿಕೆಟ್ (ಸಂಖ್ಯೆಯಿರುವ ಕೆಲಸದ ದಾಖಲೆ) ತೆರೆದೆ.

ಒಂದು ಕಡೆ ಮಾತ್ರ ಕೈ ತಡೆಯಿತು. ‘ಜಿಎಸ್‌ಟಿ ಬಂದ ಮೇಲೆ ಈ ವ್ಯಾಟ್ ಭಾಗ ತೆಗೆಯಬೇಕು.’ ಜಿಎಸ್‌ಟಿ 2017ರ ಜುಲೈ 1ರಂದೇ ಬಂದಿದೆ. ಆದರೂ ಬರೆದ ಹಿರಿಯರಿಗೆ ಫೋನ್ ಮಾಡಿದೆ. ಅವರು ಕೆಲಸ ಬಿಟ್ಟು ಹಾಸನದಲ್ಲಿದ್ದಾರೆ.

“ಸಾರ್, ಇದನ್ನು ತೆಗೆಯಲೇ?”

“ಬೇಡಮ್ಮ, ತೆಗೆಯಬೇಡ. ಹಳೆಯ ಬಿಲ್ ತೆರೆದರೆ ಅದೇ ಬೇಕಾಗುತ್ತದೆ.”

ಟೂಡೂ ಅಳಿಸಿ ಅವರ ಮಾತನ್ನೇ ಅಲ್ಲಿ ವಿವರಣೆಯಾಗಿ ಬರೆದೆ. ಕಮೆಂಟ್ ಹೇಳಿತೆಂದು ಕೋಡಿಗೆ ಕತ್ತರಿ ಹಾಕಿದ್ದರೆ ವರ್ತಕರ ಹಳೆಯ ಲೆಕ್ಕವೆಲ್ಲ ಕೆಡುತ್ತಿತ್ತು.

ಈಗ ಟಿಕೆಟ್ ಸಂಖ್ಯೆಯಿಲ್ಲದ ಟೂಡೂ ಇದ್ದರೆ ಹೊಸ ಕೋಡು ಮುಖ್ಯ ಕೋಡಿನೊಳಗೆ ಮರ್ಜ್ ಆಗುವುದಿಲ್ಲ (ಸೇರುವುದಿಲ್ಲ). ಈ ತಪಾಸಣೆ ಹೊಸದಾಗಿ ಸೇರಿಸಿದ ಸಾಲುಗಳಿಗೆ ಮಾತ್ರ. ಹಳೆಯವಕ್ಕೂ ಹಾಕಿದ್ದರೆ ಎಲ್ಲರ ಕೆಲಸವೂ ನಿಲ್ಲುತ್ತಿತ್ತು. ಚೀಲದ ತೂಕವನ್ನು ಆಯಾ ಸರಕಿನ ಜೊತೆಗೇ ದಾಖಲಿಸುತ್ತಿದ್ದೇವೆ.