‘ಇಂದು’ ಅಂದರೆ ನಾಳೆ ಬೆಳಿಗ್ಗೆ 8:30ರವರೆಗೆ
ಅಂಗಳದಲ್ಲಿ ಚಾಲಿ (ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ) ಹರವಿದ್ದೀರಾ? ಹವಾಮಾನ ಇಲಾಖೆ ‘ಇಂದು’ ಮಳೆಯ ಹಳದಿ ಅಲರ್ಟ್ ಕೊಟ್ಟಿದ್ದರೆ, ಅದನ್ನು ನಾಳೆ ಬೆಳಿಗ್ಗೆ 8:30ರವರೆಗೆ ಅಂತ ಓದಿಕೊಳ್ಳಿ. ಸಂಜೆ ಆಕಾಶ ತಿಳಿಯಾಯ್ತು ಅಂತ ತಾಡಪತ್ರಿ ಮಡಚಿಡಬೇಡಿ. ಇಲಾಖೆಯ ದಿನ ನಡುರಾತ್ರಿಗೆ ಮುಗಿಯುವುದಿಲ್ಲ, ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ದಿನದ ಮಳೆ ಲೆಕ್ಕವೂ ಅದೇ ಹೊತ್ತಿಗೆ. ಡಿಸೆಂಬರಿನಲ್ಲಿ ವಾಯುಭಾರ ಕುಸಿತದ ಮಳೆ ಮರುದಿನ ಬೆಳಗಿನ ಜಾವ ಹೊಡೆದರೂ ಅದು ‘ಇಂದಿನ’ ಮಳೆಯೇ. ಆದರೆ ಅಲರ್ಟ್ ಬರುವುದು ಇಡೀ ಜಿಲ್ಲೆಗೆ. ಕಾರವಾರದಲ್ಲಿ ಸುರಿದು ಶಿರಸಿಯಲ್ಲಿ ಒಂದು ಹನಿಯೂ ಬೀಳದಿರಬಹುದು. ಘಟ್ಟದ ಮೇಲಿದ್ದರೂ ಉತ್ತರ ಕನ್ನಡದ ನಾವು ಇಲಾಖೆಯ ಪಟ್ಟಿಯಲ್ಲಿ ‘ಕರಾವಳಿ’ಯವರೇ, ಅಲ್ವಾ! ಅನುಮಾನವಿದ್ದರೆ ಇಲಾಖೆಯ ಮುಂದಿನ 3 ಗಂಟೆಯ ಮುನ್ಸೂಚನೆ ‘ನೌಕಾಸ್ಟ್’ ನೋಡಿ. ಇಬ್ಬನಿಗಂತೂ ಯಾವ ಬಣ್ಣದ ಅಲರ್ಟೂ ಇಲ್ಲ, ರಾತ್ರಿ ಹೊದಿಸಲೇಬೇಕು.